ರೋಲರ್ ಕೆಳಗೆ ಬಾರದ ಸೈಲೆನ್ಸರ್

2021ರ ನವೆಂಬರ್‌ನಲ್ಲಿ ನಾವು ಮೂವರು ಸೇರಿ 52 ಸಾವಿರ ರೂಪಾಯಿ ಕೊಟ್ಟು ಒಂದು ಹಳೇ ಮಾರುತಿ ಝೆನ್ ಕೊಂಡೆವು. ಅದರ ಅಗತ್ಯ ಮೂವರಲ್ಲಿ ಯಾರಿಗೂ ಇರಲಿಲ್ಲ. ಮೂವರಿಗೂ ಬೈಕ್ ಇತ್ತು, ಪೆಟ್ರೋಲ್ ಬೆಲೆ ನೂರರ ಆಸುಪಾಸಿನಲ್ಲಿ ಕೂತಿತ್ತು, ಕೋವಿಡ್ ಕಾಲದಲ್ಲಿ ನಿಂತ ಜಾಹೀರಾತು ಕಮಿಷನ್ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಮನೆಗಳಲ್ಲಿ ಹೇಳಿದ್ದು ಮಾತ್ರ ಒಂದೇ ಮಾತು: "ಮಳೇಲಿ ಸುದ್ದಿಗೆ ಹೋಗೋಕೆ ಬೇಕು." ಆ ನವೆಂಬರ್‌ನಲ್ಲಿ ಅಕಾಲಿಕ ಮಳೆ ಹುಯ್ದು ಹೊಲದಲ್ಲೇ ರಾಗಿ ಮೊಳಕೆ ಬಂದಿತ್ತು. ಹಾಗಾಗಿ ಸುಳ್ಳು ನಂಬುವಂತಿತ್ತು.

ಮೂವರೂ ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಒಂದೇ ಬೆಂಚಿನವರು. ಒಬ್ಬ ಪೇಪರ್‌ಗೆ ಬಿಡಿ ಸುದ್ದಿಗಾರ, ಒಬ್ಬ ಟಿವಿಗೆ, ಇನ್ನೊಬ್ಬ ಎರಡನ್ನೂ ಬಿಟ್ಟು ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ಇದನ್ನು ಬರೆಯುತ್ತಿರುವುದು ಪೇಪರ್‌ನವನು. ಆದರೆ ಕಾರು ಮೂವರದ್ದು, ಮಾಡಿದ ಹುಚ್ಚಾಟವೂ ಮೂವರದ್ದು. ಆದ್ದರಿಂದ ಇಲ್ಲಿ 'ನಾನು' ಎಂಬುದು ಇಲ್ಲ.

ಝೆನ್ ಏಕೆ ಎಂದು ಕೇಳಿದರೆ, ನಾವು ಮಿಡ್ಲ್ ಸ್ಕೂಲ್‌ನಲ್ಲಿದ್ದಾಗ ನಮ್ಮ ಪಟ್ಟಣಕ್ಕೆ ಬಂದ ಮೊದಲ ಚುರುಕಾದ ಕಾರು ಅದು. 800 ಮತ್ತು ಅಂಬಾಸಿಡರ್‌ಗಳ ನಡುವೆ ದುಂಡನೆಯ ಮೈಯ ಝೆನ್ ಬಂದು ನಿಂತರೆ ಬೇರೆ ದೇಶದ ವಸ್ತುವಿನಂತೆ ಕಾಣುತ್ತಿತ್ತು. ಮಾರುತಿ ಅದನ್ನು 1993ರಲ್ಲಿ ತಂದಿತು, 2006ರಲ್ಲಿ ನಿಲ್ಲಿಸಿತು. ಆಮೇಲೆ ಬಂದ ಎಸ್ಟಿಲೊ ಹೆಸರು ಮಾತ್ರ ಹೊತ್ತುಕೊಂಡ ಬೇರೆಯೇ ಕಾರು, ಅದರ ಮಾತು ಇಲ್ಲಿ ಬೇಡ. ಹಳೇ ಝೆನ್‌ನ ಗುಟ್ಟು ಅದರ ಎಂಜಿನ್: 993 ಸಿಸಿ, ನಾಲ್ಕು ಸಿಲಿಂಡರ್, ಪೂರ್ತಿ ಅಲ್ಯೂಮಿನಿಯಂ. ಕಾರ್ಬ್ಯುರೇಟರ್ ಮಾಡಲ್‌ಗೆ ಕಾಗದದ ಮೇಲೆ ಬರೀ 50 ಅಶ್ವಶಕ್ತಿ. ಈಗಿನ ಮಕ್ಕಳು ನಗುತ್ತಾರೆ. ಆದರೆ ಕಾರಿನ ತೂಕವೇ ಸುಮಾರು ಏಳೂವರೆ ಕ್ವಿಂಟಾಲ್. ಕೆಳಗಿನ ಗೇರಿನಲ್ಲಿ ಎಳೆದಷ್ಟೂ ಅದು ಕೂಗಿಕೊಂಡು ಓಡುತ್ತದೆ. ಅದೇ ಎಸ್ಟೀಮ್, ಅದೇ ಝೆನ್, ಅದೇ ಜಿಪ್ಸಿಗಳನ್ನು ನಮ್ಮ ಜಿಲ್ಲೆಯ ಕಾಫಿ ಎಸ್ಟೇಟ್ ಹುಡುಗರು ಮಣ್ಣಿನ ರಸ್ತೆಯಲ್ಲಿ ಅಡ್ಡಡ್ಡ ಓಡಿಸುವುದನ್ನು ನೋಡಿ ಬೆಳೆದವರು ನಾವು. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಿಕ್ಕಮಗಳೂರಿಗೆ ಬಂದಾಗ ವರದಿಗೂ ಹೋಗಿದ್ದೆವು. ಧೂಳು ಕುಡಿದು ಮೂರು ಕಾಲಂ ಬರೆದು ಕಳಿಸಿದರೆ ಬೆಳಿಗ್ಗೆ ಒಂದು ಕಾಲಂನಲ್ಲಿ ನಾಲ್ಕಿಂಚು ಬಂದಿತ್ತು.

ಕಾರು ಸಿಕ್ಕಿದ್ದು ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರ ಹತ್ತಿರ. 1998ರ ಬಿಳಿ ಝೆನ್. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಮಗ ಬೆಂಗಳೂರಿನಲ್ಲಿ ದೊಡ್ಡ ಕಾರು ಇಟ್ಟಿದ್ದ. ನಾವು ಬಾನೆಟ್ ಎತ್ತಿ, ಮ್ಯಾಟ್ ಸರಿಸಿ, ಕೆಳಗೆ ಬಗ್ಗಿ ತುಕ್ಕು ನೋಡುವಾಗ ಮೇಷ್ಟ್ರು ಸುಮ್ಮನೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಡ್ರೈವರ್ ಕಾಲಿನ ಕೆಳಗಿನ ತಗಡಿನಲ್ಲಿ ಅಂಗೈಯಗಲ ತೂತಿತ್ತು. ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಕಾರಿ ಸತ್ತಿದ್ದವು. ಎಂಜಿನ್ ಮಾತ್ರ ಒಂದೇ ಸೆಲ್ಫ್‌ಗೆ ಶುರುವಾಯಿತು. 60 ಸಾವಿರ ಅಂದವರು 52ಕ್ಕೆ ಇಳಿದರು. ದುಡ್ಡು ಎಣಿಸಿಕೊಂಡ ಮೇಲೆ ಒಳಗಿಂದ ಒಂದು ಉದ್ದ ನೋಟ್‌ಬುಕ್ ತಂದುಕೊಟ್ಟರು. 1998ರಿಂದ ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲ್, ಬದಲಿಸಿದ ಪ್ರತಿ ಫ್ಯಾನ್ ಬೆಲ್ಟ್, ಹೋಗಿ ಬಂದ ಮದುವೆ, ಸೂತಕ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಎಲ್ಲವೂ ಅದರಲ್ಲಿ ಕೆಂಪು ಇಂಕಿನಲ್ಲಿದ್ದವು. "ಬರೀತಾ ಹೋಗ್ರಪ್ಪಾ. ನೀವು ಹೆಂಗಿದ್ರೂ ಬರೆಯೋರೇ ಅಲ್ವಾ" ಅಂದರು.

ನಮ್ಮ ಮೆಕ್ಯಾನಿಕ್‌ನನ್ನು ಭಾಯ್ ಎಂದೇ ಕರೆಯೋಣ. ಬೈಪಾಸ್ ಪಕ್ಕ ತಗಡಿನ ಶೆಡ್ಡು, ಎರಡು ಹುಡುಗರು, ಒಂದು ರೇಡಿಯೊ. ಹರೆಯದಲ್ಲಿ ರ್‍ಯಾಲಿ ಸರ್ವಿಸ್ ಟೀಮುಗಳ ಜೊತೆ ಸ್ಪ್ಯಾನರ್ ಹಿಡಿದು ಓಡಾಡಿದವನು. ನಾವು ಹೋಗಿ ಪಟ್ಟಿ ಒಪ್ಪಿಸಿದೆವು: ಅಲಾಯ್ ವೀಲ್, ಕೋನ್ ಫಿಲ್ಟರ್, ದಪ್ಪ ಪೈಪು, ಕಾರು ತಗ್ಗಬೇಕು, ಆಮೇಲೆ ಆದರೆ ಎಸ್ಟೀಮ್‌ನ 1.3 ಎಂಜಿನ್. ಭಾಯ್ ಪೂರ್ತಿ ಕೇಳಿಸಿಕೊಂಡು, "ಬ್ರೇಕು?" ಅಂದ. ಅದು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ.

ಎಂಜಿನ್ ಬದಲಿಸುವ ಆಸೆ ಬೇಗ ಸತ್ತಿತು. ಗುಜರಿಯಲ್ಲಿ ಎಸ್ಟೀಮ್ ಎಂಜಿನ್ ಸಿಗುತ್ತಿತ್ತು, ಕೂರಿಸಿದವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ಆರ್‌ಸಿಯಲ್ಲಿ ಇರುವ ಎಂಜಿನ್ ನಂಬರ್ ಒಂದು, ಬಾನೆಟ್ ಕೆಳಗಿನದು ಇನ್ನೊಂದು ಆದರೆ ಗತಿ ಏನು? ಕಂಪನಿ ನಿಗದಿಪಡಿಸಿದ ಸ್ವರೂಪಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಾಗ ನಾವೇ ಸ್ಥಳೀಯ ಪ್ರತಿಕ್ರಿಯೆ ಸಂಗ್ರಹಿಸಿ ಸುದ್ದಿ ಮಾಡಿದ್ದೆವು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಮಾಲೀಕ ಮಾಡಿಸಿಕೊಂಡ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ ಬಂತು, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಇಷ್ಟೆಲ್ಲ ತಿಳಿದಿದ್ದರೂ, ನಿಜ ಹೇಳಬೇಕೆಂದರೆ, ನಾವು ಹಿಂದೆ ಸರಿದದ್ದು ಕಾನೂನಿಗೆ ಹೆದರಿ ಅಲ್ಲ. ಎಂಜಿನ್‌ಗೆ ಗುಜರಿಯವನು 35 ಸಾವಿರ ಕೇಳಿದ್ದ.

2022ರ ಇಡೀ ವರ್ಷ ಆ ಶೆಡ್ಡಿನಲ್ಲಿ ಕಳೆಯಿತು. ಸುದ್ದಿಯ ದುಡ್ಡು ಬಂದ ತಿಂಗಳು ಕೆಲಸ, ಬರದ ತಿಂಗಳು ಕಾರಿಗೆ ಟಾರ್ಪಾಲು. ತೂತಾದ ತಗಡು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿದೆವು. ಮುಂದಿನ ಡಿಸ್ಕು, ಪ್ಯಾಡು, ಹಿಂದಿನ ಡ್ರಮ್ಮಿನ ಲೈನರ್, ರಬ್ಬರ್ ಹೋಸು ಎಲ್ಲ ಹೊಸದು. ಭಾಯ್ ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲ್‌ನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದ. ಟ್ಯಾಪೆಟ್ ಹಿಡಿಸಿ, ಟೈಮಿಂಗ್ ಕೂರಿಸಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಎಂಜಿನ್ ಸದ್ದು ಕೇಳುತ್ತ ಕಾಲು ಗಂಟೆ ನಿಂತ. ಅಷ್ಟಕ್ಕೇ ಕಾರು ಹತ್ತು ವರ್ಷ ಚಿಕ್ಕದಾಯಿತು. ಕಂಪನಿಯ 145 ಅಗಲದ ಟೈರ್ ತೆಗೆದು ಅದೇ 13 ಇಂಚಿನ ರಿಮ್ಮಿಗೆ 165/65 ಹಾಕಿಸಿದೆವು. ಇಡೀ ಪ್ರಾಜೆಕ್ಟ್‌ನಲ್ಲಿ ಅತಿ ಬುದ್ಧಿವಂತಿಕೆಯ ಖರ್ಚು ಅದು.

ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ. ಕೋನ್ ಫಿಲ್ಟರ್ ಹಾಕಿಸಿದೆವು. ಅದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಕುಡಿದು, ಸದ್ದು ಹೆಚ್ಚಿಸಿ, ಎಳೆತ ಕಡಿಮೆ ಮಾಡಿತು. ಸ್ಟುಡಿಯೊದವನ ಹಟಕ್ಕೆ ಸ್ಪ್ರಿಂಗ್ ಒಂದೂವರೆ ಸುತ್ತು ಕೊಯ್ಯಿಸಿದೆವು. ಭಾಯ್ ಬೇಡವೆಂದ, ಪಕ್ಕದ ಶೆಡ್ಡಿನವನು ಕೊಯ್ದುಕೊಟ್ಟ. ಕಾರು ನೆಲಕ್ಕೆ ಅಂಟಿ ಫೋಟೊದಲ್ಲಿ ಬಹಳ ಚೆನ್ನಾಗಿ ಬಂತು. ಕೊನೆಗೆ ಸೈಲೆನ್ಸರ್. ಕಂಪನಿಯದನ್ನು ಬಿಚ್ಚಿ ಅಗಲ ಬಾಯಿಯ ಸ್ಟೀಲ್ ಪೈಪ್ ಹಾಕಿಸಿದೆವು. ಬಿಚ್ಚಿದ ಹಳೆಯದನ್ನು ಭಾಯ್ ಎಸೆಯಲಿಲ್ಲ, ಮೊಳೆ ಹೊಡೆದು ಗೋಡೆಗೆ ನೇತುಹಾಕಿದ.

ಸುಖ ಸುಳ್ಳಲ್ಲ. ಬೆಳಗಿನ ಜಾವ ಐದಕ್ಕೆ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ಕಡೆ ತಿರುಗಿದರೆ ಕೆಮ್ಮಣ್ಣುಗುಂಡಿಯವರೆಗೂ ತಿರುವೇ ತಿರುವು. ಎರಡನೇ ಗೇರು, ಮೂರನೆಯದು, ಮತ್ತೆ ಎರಡು. ಪವರ್ ಸ್ಟೀರಿಂಗ್ ಇಲ್ಲದ ಆ ಪುಟ್ಟ ಚಕ್ರದಲ್ಲಿ ರಸ್ತೆಯ ಒಂದೊಂದು ಜಲ್ಲಿಯೂ ಅಂಗೈಗೆ ಗೊತ್ತಾಗುತ್ತದೆ. ಗಂಟೆಗೆ 50 ಕಿಲೊಮೀಟರ್ ವೇಗದಲ್ಲೇ ಕಾರು ಪೂರ್ತಿ ದುಡಿಯುತ್ತಿರುತ್ತದೆ, ನೀವೂ ಪೂರ್ತಿ ದುಡಿಯುತ್ತಿರುತ್ತೀರಿ. ಈಗಿನ ಕಾರುಗಳಲ್ಲಿ ಆ ಅನುಭವಕ್ಕೆ 120 ದಾಟಬೇಕು, ಜೀವ ಕೈಯಲ್ಲಿ ಹಿಡಿಯಬೇಕು. ಹಳೇ ಹಗುರ ಕಾರಿನ ನಿಜವಾದ ರುಚಿ ಇರುವುದು ಇಲ್ಲೇ. ಮೇಲೆ ಹೋಗಿ ಬಾನೆಟ್ ಮೇಲೆ ಫ್ಲಾಸ್ಕ್ ಇಟ್ಟು ಕಾಫಿ ಕುಡಿದು, ಒಂಬತ್ತಕ್ಕೆ ತಾಲ್ಲೂಕು ಕಚೇರಿ ಮುಂದಿನ ಧರಣಿಗೆ ಹಾಜರ್. ಆ ಬೆಳಿಗ್ಗೆಗಳಲ್ಲಿ ಯಾವ ಡೆಸ್ಕಿನ ಫೋನೂ ನೆನಪಾಗುತ್ತಿರಲಿಲ್ಲ.

2023ರ ಜನವರಿಯಲ್ಲಿ ಅಯ್ಯನಕೆರೆ ಕಡೆಯಿಂದ ವಾಪಸ್ ಬರುತ್ತಿದ್ದೆವು. ಹುರುಳಿ ಒಕ್ಕಣೆಯ ಕಾಲ. ಕಣ ಮಾಡುವವರು ಈಗ ಕಡಿಮೆ, ಕಿತ್ತ ಹುರುಳಿಯನ್ನು ಟಾರು ರಸ್ತೆಗೇ ಹರವುತ್ತಾರೆ, ಓಡಾಡುವ ವಾಹನಗಳೇ ಒಕ್ಕುತ್ತವೆ. 'ರಸ್ತೆಯಲ್ಲೇ ಒಕ್ಕಣೆ: ಸವಾರರ ಪರದಾಟ' ಎಂಬ ಸುದ್ದಿಯನ್ನು ನಾವು ಪ್ರತಿ ವರ್ಷ ಹೆಡ್ಡಿಂಗ್ ಕೂಡ ಬದಲಿಸದೆ ಕಳಿಸುತ್ತೇವೆ. ಆ ದಿನ ತಿರುವು ಮುಗಿದ ಕೂಡಲೇ ಮೊಣಕಾಲುದ್ದ ಹುರುಳಿ ಬಳ್ಳಿ. ವೇಗ 80ರ ಹತ್ತಿರ ಇತ್ತು. ಬ್ರೇಕ್ ಹಿಡಿಯಿತು, ಟೈರ್ ಹಿಡಿಯಲಿಲ್ಲ. ಒಣ ಹುಲ್ಲಿನ ಮೇಲೆ ಕಾರು ಎಣ್ಣೆಯಲ್ಲಿ ಜಾರಿದಂತೆ ಜಾರಿತು. ಕೊಯ್ದ ಸ್ಪ್ರಿಂಗಿನ ಹಿಂಭಾಗ ಕುಪ್ಪಳಿಸಿ ಅಡ್ಡ ತಿರುಗಿತು. ಹುಲ್ಲು ಮಗುಚುತ್ತಿದ್ದ ಅಜ್ಜಿಯೊಬ್ಬಳು ಚರಂಡಿಗೆ ಹಾರಿದಳು. ಕಾರು ನಿಂತಾಗ ಅವಳು ಬಿಟ್ಟುಹೋದ ಮೊರ ಮುಂದಿನ ಚಕ್ರದ ಕೆಳಗಿತ್ತು.

ಸ್ಟೀರಿಂಗ್ ಯಾರ ಕೈಯಲ್ಲಿತ್ತು ಎಂದು ಎಲ್ಲೂ ಹೇಳಬಾರದೆಂದು ನಮ್ಮೊಳಗೆ ಒಪ್ಪಂದವಾಗಿತ್ತು. ಪೇಪರ್‌ನವನ ಕೈಯಲ್ಲಿತ್ತು.

ಇಳಿದು ಅಜ್ಜಿಯನ್ನು ಎತ್ತುವಷ್ಟರಲ್ಲಿ ಕಾರಿನ ಕೆಳಗಿಂದ ಹೊಗೆ. ತಗ್ಗಿಸಿದ ಕಾರು, ಕಾದ ಪೈಪು, ಅದಕ್ಕೆ ಸುತ್ತಿಕೊಂಡ ಒಣ ಹುರುಳಿ. ಹೀಗೆಯೇ ಹುಲ್ಲು ಸುತ್ತಿಕೊಂಡು ಕಾರುಗಳು ಪೂರ್ತಿ ಸುಟ್ಟಿರುವುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ನಾವು ಮೂವರೂ ಏನು ಮಾಡಬೇಕೆಂದು ತೋಚದೆ ನಿಂತೆವು, ಟಿವಿಯವನು ಅಭ್ಯಾಸಬಲದಿಂದ ಮೊಬೈಲ್ ತೆಗೆದಿದ್ದ. ಅಜ್ಜಿಯೇ ಕುಂಟುತ್ತ ಹೋಗಿ ಬಿಂದಿಗೆ ತಂದು ಕೆಳಕ್ಕೆ ನೀರು ಎರಚಿದಳು. ಕುಡುಗೋಲು ಕೊಟ್ಟು "ಮಲಕ್ಕಂಡು ಕೊಯ್ಯಿ, ನಿಂತ್ಕಂಡು ಏನ್ ನೋಡ್ತೀಯ" ಅಂದಳು. ಮೂವರೂ ಟಾರಿನ ಮೇಲೆ ಅಂಗಾತ ಮಲಗಿ ಅರ್ಧ ಗಂಟೆ ಹುರುಳಿ ಬಳ್ಳಿ ಕೊಯ್ದೆವು. ಮೊರಕ್ಕೆ ದುಡ್ಡು ಕೊಡಲು ಹೋದರೆ ಅವಳ ಕಣ್ಣು ಕಾರಿನ ಗಾಜಿನ ಮೇಲಿನ ಕೆಂಪು 'ಪ್ರೆಸ್' ಸ್ಟಿಕ್ಕರ್ ಮೇಲೆ ಬಿತ್ತು. ಬೈಯುತ್ತಿದ್ದವಳು ತಟ್ಟನೆ ಸುಮ್ಮನಾದಳು. "ಪೇಪರ್‌ಗೆ ಹಾಕ್ತೀರೇನಪ್ಪಾ? ಹೋದ ವರ್ಷ ಹಾಕಿದ್ದಕ್ಕೇ ಪೊಲೀಸ್ರು ಬಂದು ಬೈದು ಹೋದ್ರು" ಅಂದಳು.

ಹೋದ ವರ್ಷ ಹಾಕಿದ್ದವರು ನಾವೇ. ಹೇಳಲಿಲ್ಲ. ಕಾರು ಸುಟ್ಟಿದ್ದರೆ ಸುದ್ದಿ ಹೇಗಿರುತ್ತಿತ್ತು ಎಂಬುದು ನಮಗೆ ಬಾಯಿಪಾಠ: ರಸ್ತೆಯಲ್ಲಿ ಹರವಿದ್ದ ಹುರುಳಿ ಸಿಲುಕಿ ಕಾರು ಭಸ್ಮ, ಪತ್ರಕರ್ತರು ಪ್ರಾಣಾಪಾಯದಿಂದ ಪಾರು. ಅದರಲ್ಲಿ 80 ಕಿಲೊಮೀಟರ್ ವೇಗವೂ ಇರುತ್ತಿರಲಿಲ್ಲ, ಕೊಯ್ದ ಸ್ಪ್ರಿಂಗೂ ಇರುತ್ತಿರಲಿಲ್ಲ.

ಆ ವಾರವೇ ಸ್ಪ್ರಿಂಗ್ ಬದಲಾಯಿತು. ಗುಜರಿಯಿಂದ ಕಂಪನಿಯ ಜೋಡಿ ತಂದು, ಜೊತೆಗೆ ಹೊಸ ಗ್ಯಾಸ್ ಶಾಕ್ ಹಾಕಿಸಿದೆವು. ಭಾಯ್ ಏನೂ ಹೇಳಲಿಲ್ಲ, ಬಿಲ್ಲಿನಲ್ಲಿ ಮಾತ್ರ ಹೇಳಿದ. ಆದರೆ ಪೈಪ್ ಬಿಚ್ಚಲಿಲ್ಲ. ಅದರ ಸದ್ದು ಅಷ್ಟು ಚೆನ್ನಾಗಿತ್ತು.

ಸುಮಾರು ಒಂದು ತಿಂಗಳ ನಂತರ ಪೊಲೀಸರಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ ಸಂದೇಶ ಬಂತು: ಕರ್ಕಶ ಶಬ್ದದ ಸೈಲೆನ್ಸರ್‌ಗಳ ನಾಶ, ಮಾಧ್ಯಮದವರು ಬರಬೇಕು. ಬುಲೆಟ್, ಪಲ್ಸರ್, ಒಂದೆರಡು ಆರ್‌ಎಕ್ಸ್ ಬೈಕ್‌ಗಳಿಂದ ಬಿಚ್ಚಿಸಿದ ಪೈಪುಗಳನ್ನು ರಸ್ತೆಯಲ್ಲಿ ಸಾಲಾಗಿ ಜೋಡಿಸಿದ್ದರು. ಸೌತೆಕಾಯಿ ಸಂತೆಯಂತೆ ಕಾಣುತ್ತಿತ್ತು. ರೋಡ್ ರೋಲರ್ ನಿಧಾನವಾಗಿ ಬಂತು. ಟಿವಿಯವನು ನೆಲಕ್ಕೆ ಕೂತು ಲೋ ಆ್ಯಂಗಲ್‌ನಲ್ಲಿ ಹಿಡಿದ, ಸ್ಟುಡಿಯೊದವನು ಫೋಟೊ ತೆಗೆದ, ಪೇಪರ್‌ನವನು ಸಾಹೇಬರ ಹೇಳಿಕೆ ಬರೆದುಕೊಂಡ: ಮಕ್ಕಳಿಗೆ, ವೃದ್ಧರಿಗೆ, ಹೃದ್ರೋಗಿಗಳಿಗೆ ತೊಂದರೆ, ಕಾನೂನು ಎಲ್ಲರಿಗೂ ಒಂದೇ. ಪೈಪ್ ಕಳೆದುಕೊಂಡ ಹುಡುಗರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಕೆಲವರು ದಂಡದ ಚೀಟಿಯನ್ನು ಮಡಿಸಿ ಮಡಿಸಿ ಹಿಡಿದಿದ್ದರು.

ನಮ್ಮ ಝೆನ್ ಕೂಗಳತೆಯಲ್ಲಿ, ಬೇವಿನ ಮರದ ನೆರಳಿನಲ್ಲಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಸದ್ದು. ನಾಕಾಬಂದಿಯಲ್ಲಿ ಎರಡು ಸಲ ನಿಲ್ಲಿಸಿದ್ದರು. ಸ್ಟಿಕ್ಕರ್ ನೋಡಿ, "ಓ ನೀವಾ ಸಾರ್, ಹೋಗಿ ಹೋಗಿ" ಅಂದಿದ್ದರು. ಅದನ್ನು ನಾವು ಗೌರವ ಅಂದುಕೊಂಡಿದ್ದೆವು.

ಎಲ್ಲ ಮುಗಿದು ಕಾರು ಸ್ಟಾರ್ಟ್ ಮಾಡಿದೆವು. ಆ ನಿಶ್ಶಬ್ದದಲ್ಲಿ ಪೈಪ್ ಗುಡುಗಿದ್ದು ನಮಗೇ ಜಾಸ್ತಿ ಕೇಳಿಸಿತು. ಹುಡುಗರೆಲ್ಲ ತಿರುಗಿ ನೋಡಿದರು. ಕೊಳಾಯಿ ರಿಪೇರಿ ಕೆಲಸದ ಒಬ್ಬ ಹುಡುಗ, ನಮ್ಮ ಸ್ಟುಡಿಯೊಗೇ ಪಾಸ್‌ಪೋರ್ಟ್ ಫೋಟೊಗೆ ಬರುವವನು, ಕಿಟಕಿ ಹತ್ತಿರ ಬಂದು ಬಗ್ಗಿದ. ಸಿಟ್ಟೇನೂ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎಂಬ ಹಾಗೆ ಕೇಳಿದ: "ಅಣ್ಣಾ, ನಿಮ್ದಕ್ಕೆ ರೋಲರ್ ಯಾವತ್ತು?"

ಟಿವಿಯವನು ನಗಲು ನೋಡಿದ. ಆಗಲಿಲ್ಲ.

ಸುದ್ದಿ ಮಾರನೇ ದಿನ ಚೆನ್ನಾಗಿಯೇ ಬಂತು, ಫೋಟೊ ಸಮೇತ. ಹುಡುಗನ ಪ್ರಶ್ನೆ ಅದರಲ್ಲಿ ಇರಲಿಲ್ಲ. ನಾವು ಬರೆದಿರಲಿಲ್ಲ. ಅದೇ ದಿನ ಹೋಗಿ ಪೈಪ್ ಬಿಚ್ಚಿಸಿದೆವು ಎಂದು ಬರೆದರೆ ಓದಲು ಚೆಂದ. ನಿಜವೆಂದರೆ ಹನ್ನೊಂದು ದಿನ ತಳ್ಳಿದೆವು. ಆ ಹನ್ನೊಂದು ದಿನ ಕಾರನ್ನು ಆ ಹುಡುಗ ಕೆಲಸ ಮಾಡುವ ಬೀದಿಯಲ್ಲಿ ಮಾತ್ರ ಓಡಿಸಲಿಲ್ಲ. ಹನ್ನೆರಡನೇ ದಿನ ಮೂವರೂ ಪೊಲೀಸರ ಬಳಿಗೇ ಹೋಗಿ ದಂಡ ಕಟ್ಟುತ್ತೇವೆ ಅಂದೆವು. ಅಲ್ಲಿದ್ದವರಿಗೆ ಇದೇನೋ ಸ್ಟಿಂಗ್ ಆಪರೇಷನ್ ಎಂಬ ಅನುಮಾನ. "ಏನ್ ಸಾರ್ ತಮಾಷೆ ಮಾಡ್ತೀರಾ, ಬಿಚ್ಚಿಸ್ಬಿಡಿ ಸಾಕು" ಎಂದು ಟೀ ತರಿಸಿದರು. ಆ ಹುಡುಗನಿಗೂ 'ಬಿಚ್ಚಿಸ್ಬಿಡು ಸಾಕು' ಅಂದಿದ್ದರೆ ಎಂದು ಕೇಳಬೇಕಿತ್ತು. ಕೇಳಲಿಲ್ಲ, ಟೀ ಕುಡಿದು ಬಂದೆವು. ನಾಳೆ ಸುದ್ದಿಗೆ ಮತ್ತೆ ಅವರನ್ನೇ ಕೇಳಬೇಕಲ್ಲ. ಈ ವೃತ್ತಿಯಲ್ಲಿ ನಮ್ಮ ಧೈರ್ಯಕ್ಕೆ ಅಷ್ಟೇ ಉದ್ದದ ಹಗ್ಗ.

ಪೈಪ್ ಬಿಚ್ಚಿಸಿದ ದಿನವೇ ಬ್ಲೇಡಿನಿಂದ ಗಾಜಿನ ಸ್ಟಿಕ್ಕರ್ ಕೆರೆದೆವು. ಅಂಟು ಇನ್ನೂ ಸ್ವಲ್ಪ ಉಳಿದಿದೆ. ಆಮೇಲೆ ಬೈಪಾಸಿನಲ್ಲಿ ಒಮ್ಮೆ ನಿಲ್ಲಿಸಿದವರು ನಮ್ಮ ಮುಖ ಪರಿಚಯವಿಲ್ಲದ ಹೊಸಬರು. ಸೀಟ್ ಬೆಲ್ಟ್ ಹಾಕಿರಲಿಲ್ಲವೆಂದು ದಂಡ ಹಾಕಿದರು. ಸ್ಟುಡಿಯೊದವನು ಆ ರಸೀದಿಯನ್ನು ಮೇಷ್ಟ್ರ ನೋಟ್‌ಬುಕ್ಕಿಗೆ ಅಂಟಿಸಿದ್ದಾನೆ.

2023ರ ಜೂನ್‌ನಲ್ಲಿ ಕಾರಿಗೆ 25 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಬಂತು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. ಮುಂಚೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು, ಅಂದರೆ ನಮ್ಮ ಕಾರಿನ ಬೆಲೆಯ ಹತ್ತನೇ ಒಂದು ಭಾಗ ಅಲ್ಲಿಗೇ ಹೋಯಿತು. ಹಳೇ ಕಾರಿನ ಆಸೆ ಇಟ್ಟುಕೊಂಡವರು ದರ ಚೌಕಾಸಿ ಮಾಡುವ ಮೊದಲು ಆರ್‌ಸಿಯ ಕೊನೆಯ ದಿನಾಂಕ ನೋಡಿಕೊಳ್ಳಿ. ಕೋನ್ ಫಿಲ್ಟರ್ ತೆಗೆದು ಹಳೇ ಡಬ್ಬಿ ಕೂರಿಸಿದೆವು, ಎಳೆತ ವಾಪಸ್ ಬಂತು. ಗೋಡೆಯ ಮೇಲಿದ್ದ ಕಂಪನಿ ಸೈಲೆನ್ಸರ್ ಆಗಲೇ ಕಾರಿನ ಕೆಳಗಿತ್ತು. ತಪಾಸಣೆ ಮಾಡಿದವರು ಎಂಜಿನ್ ನಂಬರ್, ಚಾಸಿಸ್ ನಂಬರ್, ದೀಪ, ಬ್ರೇಕ್ ನೋಡಿದರು. ಬ್ರೇಕ್ ಒತ್ತಿದ ಜಾಗದಲ್ಲೇ ಕಾರು ನಿಂತಿದ್ದಕ್ಕೆ ಒಮ್ಮೆ ತಲೆಯೆತ್ತಿ ನೋಡಿದರು, ಅಷ್ಟೇ.

ಖರ್ಚಿನ ಲೆಕ್ಕ ಕೇಳಿದವರಿಗೆ: ಕಾರಿಗೆ 52 ಸಾವಿರ, ಅದರ ಮೇಲೆ 71 ಸಾವಿರ. ಅದರಲ್ಲಿ ಹಾಕಿಸಿ ಬಿಚ್ಚಿಸಿದ್ದಕ್ಕೇ 24 ಸಾವಿರ. ಉಳಿದದ್ದೆಲ್ಲ ಟೈರು, ಬ್ರೇಕು, ಶಾಕ್, ತಗಡು, ಟ್ಯೂನಿಂಗ್. ಹೊರಗಿಂದ ನೋಡಿದರೆ ಮೇಷ್ಟ್ರ ಬಿಳಿ ಝೆನ್ನೇ. ಮೇಷ್ಟ್ರು ಕೂಡ ಹೋದ ದೀಪಾವಳಿಗೆ ಅದರಲ್ಲಿ ಕೂತು ಒಂದು ಸುತ್ತು ಹೋಗಿ ಬಂದು, "ಏನೂ ಮಾಡಿಸಿಲ್ಲ ಬಿಡಿ, ಹಂಗೇ ಇದೆ" ಅಂದರು. ಮೂವರೂ ಮುಖ ಮುಖ ನೋಡಿಕೊಂಡೆವು.

ಅಜ್ಜಿಗೆ ಹೊಸ ಮೊರ ಕೊಟ್ಟು ಬಂದಿದ್ದೇವೆ. ಕಳೆದ ಜನವರಿಯಲ್ಲಿ ರಸ್ತೆ ಒಕ್ಕಣೆಯ ಸುದ್ದಿ ಕಳಿಸುವಾಗ, ಪಂಚಾಯಿತಿಗೊಂದು ಕಣ ಮಾಡಿಕೊಡಿ ಎಂಬ ರೈತರ ಮಾತನ್ನೂ ಸೇರಿಸಿದೆವು. ಡೆಸ್ಕಿನಲ್ಲಿ ಆ ಪ್ಯಾರಾ ಹಾರಿಹೋಯಿತು.

ಸ್ಟೀಲ್ ಪೈಪ್ ಈಗ ಭಾಯ್ ಶೆಡ್ಡಿನ ಅದೇ ಮೊಳೆಯಲ್ಲಿ ನೇತಾಡುತ್ತಿದೆ. ಕೊಳಾಯಿ ಹುಡುಗ ಅಲ್ಲಿಗೆ ಬೈಕ್ ತಂದಾಗಲೆಲ್ಲ ಅದನ್ನು ಬೆರಳಲ್ಲಿ ಒಮ್ಮೆ ಟಣ್ ಎನಿಸಿ ಹೋಗುತ್ತಾನಂತೆ.